ಹದಿನಾಲ್ಕು ಐಬಿನ ಗಾಡಿ

ಹೋದ ವಾರ ಶಿರಸಿಯ ಮಾರುಕಟ್ಟೆಯಲ್ಲಿ ತರಕಾರಿಯವನಿಗೆ ಚಿಲ್ಲರೆ ಕೊಡಲೆಂದು ಪರ್ಸಿಗೆ ಕೈ ಹಾಕಿದೆ. ಹೊರಗೆ ಬಂದದ್ದು ಒಂದು ಗೊಂಚಲು. ನಾಲ್ಕು ನಾಣ್ಯ, ಎರಡು ಸೇಫ್ಟಿ ಪಿನ್ನು, ಒಂದು ಹೇರ್‌ಪಿನ್ನು ಎಲ್ಲ ಒಂದಕ್ಕೊಂದು ಜೋತುಬಿದ್ದಿದ್ದವು. ನಡುವೆ ಯಜಮಾನನ ಹಾಗೆ ಕೂತಿದ್ದು ನನ್ನ ಆಯಸ್ಕಾಂತ. ಹಳೆಯ ರೇಡಿಯೋದ ಸ್ಪೀಕರಿನಿಂದ ಕಿತ್ತದ್ದು, ಕೋಡುಬಳೆಯಷ್ಟು ದಪ್ಪ.

“ಏನ್ರಿ ಅಕ್ಕಾರ ಇದು?” ಎಂದ ತರಕಾರಿಯವ.

“ಬದನಿಕಾಯಿ ಪರೀಕ್ಷೆ ಮಾಡಾಕ,” ಎಂದೆ.

ಅವನು ನಂಬಿದ. ಪರೀಕ್ಷೆಯ ವಿಷಯದಲ್ಲಿ ನನ್ನ ಬಗ್ಗೆ ಏನು ಹೇಳಿದರೂ ಈ ಊರು ನಂಬುತ್ತದೆ.

ನಾನು ಶಿರಸಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವಳು. ಇಪ್ಪತ್ತೇಳು ವರ್ಷವಾಯಿತು. ಈ ಊರಿನ ರಸ್ತೆಯಲ್ಲಿ ನಿಮಗೆ ಎದುರಾಗುವವರಲ್ಲಿ ಅರ್ಧ ಜನ ನನ್ನ ಹತ್ತಿರ ಕಲಿತವರು, ಉಳಿದರ್ಧ ಯಾರ ಹತ್ತಿರವೂ ಕಲಿಯದವರು. ಯಾರು ಯಾವ ಅರ್ಧ ಎಂದು ಕೇಳಬೇಡಿ, ನನ್ನ ವ್ಯಾಪಾರ ಕೆಡುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು, ಶಿರಸಿಯವರಿರಲಿ ಸಿದ್ದಾಪುರದವರಿರಲಿ, ಮುಂಗಡ ಕೊಡುವ ಮೊದಲು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಹೆಗ್ಗರಣೆಯ ಒಬ್ಬರು ಮಗಳಿಗೆ ವರ ನೋಡಲು ಹೋಗುವಾಗಲೂ ಕರೆದಿದ್ದರು. “ಆಯಸ್ಕಾಂತ ತರ್ಲೇನು?” ಎಂದು ಕೇಳಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು.

ಆಯಸ್ಕಾಂತದ ಗುಟ್ಟು ದೊಡ್ಡದೇನಲ್ಲ. ಅಪಘಾತದಲ್ಲಿ ನೆಗ್ಗಿದ ತಗಡಿಗೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆದು, ಏಟೇ ಬೀಳದ ಗಾಡಿ ಎಂದು ಮಾರುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಆಯಸ್ಕಾಂತ ಕಬ್ಬಿಣಕ್ಕೆ ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ. ಇದನ್ನೊಂದು ಕೈಯಲ್ಲಿ ಹಿಡಿದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಎಂಥ ಮಾರುವವನ ಮುಖವೂ ಬದಲಾಗುತ್ತದೆ. ಗಾಡಿಗಿಂತ ಆ ಮುಖ ನೋಡುವುದೇ ಹೆಚ್ಚು ಲಾಭ.

ಪ್ರದಕ್ಷಿಣೆ ನಾನು ಕಲಿತದ್ದು ಅಪ್ಪನಿಂದ. ನಮ್ಮದು ದಾಸನಕೊಪ್ಪ. ಅಪ್ಪ ರೈತ, ಎತ್ತು ಕೊಳ್ಳುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವನು. ಯಾರು ಎತ್ತು ಕೊಳ್ಳಲು ಹೊರಟರೂ ಅಪ್ಪನನ್ನು ಕರೆಯುತ್ತಿದ್ದರು, ಅವನ ಹಿಂದೆ ಬಾಲದ ಹಾಗೆ ನಾನು. ಅಪ್ಪ ಮೊದಲು ಹಲ್ಲು ನೋಡುತ್ತಿದ್ದ, ಆಮೇಲೆ ಮೈಮೇಲಿನ ಸುಳಿ, ಆಮೇಲೆ ಗೊರಸು. ಕೊನೆಗೆ ಎತ್ತನ್ನು ಹತ್ತು ಹೆಜ್ಜೆ ನಡೆಸಿ ಹಿಂದಿನಿಂದ ನೋಡುತ್ತಿದ್ದ. ಇಷ್ಟೂ ಹೊತ್ತು ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಐಬು ತೆಗೆಯುತ್ತಲೇ ಇರುತ್ತಿತ್ತು.

“ಕಿವಿ ಜೋತು ಬಿದ್ದಾವು. ಬಾಲ ಗಿಡ್ಡ ಐತಿ. ಹೆಜ್ಜಿ ಒತ್ತಟ್ಟಿಗೆ ಹಾಕತೈತಿ. ಕಣ್ಣಾಗ ಆಲಸ್ಯ ಐತಿ ನೋಡ್ರಿ.”

ಎತ್ತಿನ ವ್ಯಾಪಾರದಲ್ಲಿ ಇದೊಂದು ಕಟ್ಟಳೆ. ಮನಸ್ಸಿಗೆ ಬಂದ ಎತ್ತನ್ನು ಹೊಗಳಬಾರದು. ಹೊಗಳಿದರೆ ರೇಟು ಏರುತ್ತದೆ, ದೃಷ್ಟಿಯೂ ತಾಗುತ್ತದೆ. ಬೇಡದ ಎತ್ತಾದರೆ ಅಪ್ಪ ಅದರ ಬೆನ್ನು ತಟ್ಟಿ, “ಚಲೋ ಐತಿ ಬಿಡ್ರಿ,” ಎಂದು ಮುಂದಿನ ಗೂಟಕ್ಕೆ ಹೋಗಿಬಿಡುತ್ತಿದ್ದ. ಬೇಕಾದ ಎತ್ತಿಗೆ ಮಾತ್ರ ಕೊಂಬಿನಿಂದ ಬಾಲದವರೆಗೆ ಐಬು. ಮಾರುವವರಿಗೂ ಈ ಲೆಕ್ಕ ಗೊತ್ತಿತ್ತು. ಐದನೆಯ ಐಬಿಗೆ ಅವರು ಒಳಗೊಳಗೇ ನಗುತ್ತ ಗೂಟದ ಹಗ್ಗ ಸಡಿಲಿಸುತ್ತಿದ್ದರು. ಏಳನೆಯದಕ್ಕೆ ಎತ್ತು ನಮ್ಮದು.

ನನಗೆ ಸಿಟ್ಟು ಇದ್ದದ್ದು ಎತ್ತಿನ ವಿಷಯಕ್ಕಲ್ಲ. ಅಪ್ಪ ಮನುಷ್ಯರನ್ನೂ ಹಾಗೇ ನೋಡುತ್ತಿದ್ದ. ನಾನು ಲೈಸೆನ್ಸ್ ತೆಗೆದುಕೊಂಡ ದಿನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿರಸಿಯಿಂದ ದಾಸನಕೊಪ್ಪಕ್ಕೆ ಜೀಪು ಓಡಿಸಿಕೊಂಡು ಹೋದೆ. ನಮ್ಮ ಕಡೆ ಹೆಂಗಸರು ಸೈಕಲ್ ಹೊಡೆದರೇ ತಿರುಗಿ ನೋಡುತ್ತಿದ್ದ ಕಾಲ. ಒಂದು ‘ಭೇಷ್’ ಬರುತ್ತದೆ ಎಂದು ಕಿವಿ ಅಗಲಿಸಿಕೊಂಡು ಕೂತಿದ್ದೆ. ಬಂದದ್ದು, “ಹಾರ್ನ್ ಭಾಳ ಹೊಡೀತಿ. ಎಡಕ್ಕ ಒತ್ತತಿ. ತಿರುವಿನ್ಯಾಗ ಕಣ್ಣು ಸಣ್ಣ ಮಾಡತಿ.” ಊರು ಬರುವಷ್ಟರಲ್ಲಿ ಹನ್ನೊಂದು ಐಬು. ಎಣಿಸಿದ್ದೇನೆ, ಸಿಟ್ಟು ಬಂದಾಗ ಎಣಿಸುವುದು ನನ್ನ ಚಾಳಿ. ಅದೇ ವಾರ ಓಣಿಯ ಹುಡುಗನೊಬ್ಬ ಟ್ರ್ಯಾಕ್ಟರ್ ಓಡಿಸಿದ್ದಕ್ಕೆ ಇದೇ ಅಪ್ಪ, “ಚಲೋ ಓಡಸ್ತಾನ,” ಎಂದ. ಆ ಮಾತನ್ನು ನಾನು ಈವತ್ತಿಗೂ ಮರೆತಿಲ್ಲ. ಆ ಹುಡುಗ ಮರುವಾರ ಟ್ರ್ಯಾಕ್ಟರನ್ನು ಕೆರೆಗೆ ಇಳಿಸಿದ ಎಂಬುದನ್ನೂ ಮರೆತಿಲ್ಲ.

ಈಗ ಅಪ್ಪನಿಗೆ ಎಂಬತ್ತು ದಾಟಿದೆ. ಶಿರಸಿಯಲ್ಲಿ ನನ್ನ ಜೊತೆಗೇ ಇದ್ದಾನೆ. ಬೆಳಿಗ್ಗೆ ಸ್ಕೂಲಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಕಲಿಯಲು ಬಂದವರು ಗೇರು ಹಾಕುವ ಸಪ್ಪಳಕ್ಕೆ ಐಬು ತೆಗೆಯುತ್ತಾನೆ. ದುಡಿಮೆಯ ಎತ್ತುಗಳು ಹೋದವು, ಇವರಾದರೂ ಸಿಕ್ಕರಲ್ಲ ಎಂಬ ಸಮಾಧಾನ ಅವನಿಗೆ.

ಇನ್ನು ನನ್ನ ಆಸೆಯ ವಿಷಯ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಸೀಟು ಎಡಗಡೆ. ಕಾಲ ಕೆಳಗೆ ಬ್ರೇಕು, ಕ್ಲಚ್ಚು ಇರುತ್ತವೆ. ಕೈಗೆ ಏನೂ ಇರುವುದಿಲ್ಲ. ಇಪ್ಪತ್ತೇಳು ವರ್ಷ ನಾನು ಇನ್ನೊಬ್ಬರ ಗಾಡಿಯನ್ನು ನಿಲ್ಲಿಸಿದ್ದೇ ಹೆಚ್ಚು. ಅರವತ್ತು ಹತ್ತಿರ ಬಂದಂತೆ ನನಗೊಂದು ಹಟ ಹುಟ್ಟಿತು. ನನ್ನದೇ ಒಂದು ಗಾಡಿ ಬೇಕು. ಪಾಠಕ್ಕಲ್ಲ, ಸಂತೆಗಲ್ಲ, ನೆಂಟರನ್ನು ಬಸ್‌ಸ್ಟ್ಯಾಂಡಿನಿಂದ ಕರೆತರಲಿಕ್ಕಲ್ಲ. ಎರಡೇ ಸೀಟಿನದ್ದು, ಬರೀ ಓಡಿಸುವುದಕ್ಕೆಂದೇ ಹುಟ್ಟಿದ್ದು.

ಅಂಥದ್ದೊಂದನ್ನು ಎಂಟು ವರ್ಷದವಳಿದ್ದಾಗ ನೋಡಿದ್ದೆ. ಬನವಾಸಿ ರಸ್ತೆಯಲ್ಲಿ ಅಪ್ಪನ ಎತ್ತಿನ ಚಕ್ಕಡಿ ಹೋಗುತ್ತಿತ್ತು, ಹುಲ್ಲಿನ ಹೇರಿನ ತುದಿಯಲ್ಲಿ ನಾನಿದ್ದೆ. ಹಿಂದಿನಿಂದ ಮಾವಿನೆಲೆಯ ಹಸಿರು ಬಣ್ಣದ, ಮೇಲೆ ಮಾಡೇ ಇಲ್ಲದ ಗಿಡ್ಡ ಕಾರೊಂದು ಬಂದು ದಾರಿಗಾಗಿ ಕಾಯುತ್ತ ನಿಂತಿತು. ಅದರಲ್ಲಿ ಗಂಡ ಹೆಂಡತಿ ಇಬ್ಬರೇ. ಆಕೆ ಸೆರಗನ್ನು ತಲೆಗೆ ಬಿಗಿಯಾಗಿ ಕಟ್ಟಿಕೊಂಡಿದ್ದರು. ಕಾರಿನ ಒಳಗನ್ನು ನಾನು ಮೇಲಿನಿಂದ ನೋಡಿದ್ದು ಅದೇ ಮೊದಲು. ಗುಂಡನೆಯ ಗಡಿಯಾರಗಳು, ತೆಳ್ಳನೆಯ ಸ್ಟಿಯರಿಂಗ್, ಕರಿ ಚರ್ಮದ ಸೀಟು. ಅಪ್ಪ ಚಕ್ಕಡಿಯನ್ನು ರಸ್ತೆಯ ಪಕ್ಕಕ್ಕೆ ಇಳಿಸಿ, ತಾನೂ ಇಳಿದು, ಅದು ಕಣ್ಮರೆಯಾಗುವವರೆಗೂ ನೋಡಿದ. ಆಮೇಲೆ ಅಂದ: “ಗಾಲಿ ಸಣ್ಣ ಅದಾವು. ಎತ್ತರ ಇಲ್ಲ. ಹೊಳಿ ದಾಟಂಗಿಲ್ಲ.”

ಇಷ್ಟು ಚಂದದ್ದನ್ನು ನೋಡಿ ಹೀಗೆ ಹೇಳುತ್ತಾನಲ್ಲ ಎಂದು ನನಗೆ ಅಳುವೇ ಬಂದಿತ್ತು.

ಹೋದ ಚಳಿಗಾಲದಲ್ಲಿ ನನ್ನ ಹತ್ತಿರ ಕಲಿಯಲು ಬರುತ್ತಿದ್ದ ಯಲ್ಲಾಪುರದ ಹುಡುಗಿಯೊಬ್ಬಳು, “ಗಿರಿಜಕ್ಕ, ನಮ್ಮ ಇಡಗುಂದಿಯಲ್ಲಿ ಮಾಸ್ತರೊಬ್ರು ಹಳೇ ಕಾರು ಮಾರ್ತ್ರಂತೆ. ಮೇಲೆ ಮಾಡಿಲ್ಲ, ಎರಡೇ ಸೀಟು, ಹಸಿರು,” ಎಂದಳು. ಅವಳಿಗೆ ಆ ದಿನ ಪಾಠ ಆಗಲಿಲ್ಲ. ಇಡೀ ಜಿಲ್ಲೆಗೆ ಅಂಥದ್ದು ಎರಡಿರಲು ಸಾಧ್ಯವೇ ಇಲ್ಲ.

ಮರುದಿನವೇ ಹೊರಟೆ. ಚೀಲದಲ್ಲಿ ಆಯಸ್ಕಾಂತ, ಟಾರ್ಚು, ಹಳೆ ಸೀರೆಯ ತುಂಡು, ಸ್ಕ್ರೂಡ್ರೈವರು. ನನಗೆ ಮೋಸ ಮಾಡುವ ಗಾಡಿ ಇನ್ನೂ ಹುಟ್ಟಿಲ್ಲ ಎಂಬ ಧೈರ್ಯ ಬೇರೆ.

ಮಾರುವವರು ಭಟ್ಟ ಮಾಸ್ತರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕಾರಿನ ಕತೆಯನ್ನು ಅವರೇ ಹೇಳಿದರು. ಆಣೆಕಟ್ಟಿನ ಕೆಲಸಕ್ಕೆ ಬಂದ ಗೋವಾದ ಎಂಜಿನಿಯರೊಬ್ಬರ ವಿಲಾಯತಿ ಕಾರು ಅರಬೈಲ್ ಘಟ್ಟದಲ್ಲಿ ಕೆಟ್ಟು ನಿಂತಿತಂತೆ. ಎಳೆದು ತಂದು ಇವರ ಅಂಗಳದಲ್ಲಿ ಬಿಟ್ಟರು. ಬಿಡಿಭಾಗ ಸಿಗದೆ ಎಂಜಿನಿಯರು ಕೈಬಿಟ್ಟರು, ಮಾಸ್ತರು ಕೈಹಿಡಿದರು. ಐವತ್ತು ವರ್ಷ ತಾವೇ ಬಿಚ್ಚಿ, ತಾವೇ ಜೋಡಿಸಿ, ಭಾನುವಾರ ಮಾತ್ರ ಹೊರಗೆ ತೆಗೆದು ಓಡಿಸಿದ್ದಾರೆ.

“ಮತ್ತ ಈಗ ಯಾಕ ಮಾರ್ತೀರಿ?” ಎಂದೆ. ಇದು ಯಾವ ಪರೀಕ್ಷೆಯಲ್ಲೂ ಮೊದಲ ಪ್ರಶ್ನೆ.

ಉತ್ತರ ಕೊಟ್ಟದ್ದು ಅವರ ಹೆಂಡತಿ ಸಾವಿತ್ರಕ್ಕ. “ಇವ್ರಿಗೆ ಮೊಣಕಾಲು ನೋವು. ಸೀಟು ನೆಲಕ್ಕೇ ಇದ್ದು. ಹತ್ತಲೆ ಅಡ್ಡಿಲ್ಲೆ, ಇಳಸಲೆ ಎರಡು ಜನ ಬೇಕು.”

ಮಾಸ್ತರು ನಗಲಿಲ್ಲ. “ಹೌದು. ನಿಮ್ಮ ಹೆಸರು ಕೇಳಿದ್ದೇನೆ. ಸರಿಯಾಗಿ ನೋಡಿ, ಇದ್ದದ್ದು ಇದ್ದಹಾಗೆ ಹೇಳಿ,” ಎಂದು ಕೊಟ್ಟಿಗೆಯ ಪಕ್ಕದ ಮಾಡಿಗೆ ಕರೆದೊಯ್ದು ಹೊದಿಕೆ ಎಳೆದರು.

ಅದೇ ಕಾರು. ಅದೇ ಹಸಿರು, ಅದೇ ಕರಿ ಸೀಟು. ನನ್ನ ಎದೆ ಒಂದು ಗೇರು ತಪ್ಪಿಸಿತು. ಒಮ್ಮೆಲೇ ಓಡಿಹೋಗಿ ಅಪ್ಪಿಕೊಳ್ಳಬೇಕು ಅನ್ನಿಸಿತು. ಆದರೆ ನಾನು ಯಾರ ಮಗಳು? ಮುಖವನ್ನು ಹುಳಿ ಮಾಡಿಕೊಂಡು, “ಬಣ್ಣ ಮಾಸೈತ್ರಿ,” ಎಂದೆ.

ಮಾಸ್ತರು ಜೇಬಿನಿಂದ ಸಣ್ಣ ನೋಟುಪುಸ್ತಕ ತೆಗೆದು ಬರೆದುಕೊಂಡರು. ಆಗಲಿ, ಗಣಿತದವರು, ಅವರ ಪದ್ಧತಿ ಎಂದುಕೊಂಡೆ.

ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟೆ. ಬೆಚ್ಚಗಿದ್ದರೆ ಮಾರುವವನು ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ ಎಂದರ್ಥ. ತಣ್ಣಗಿದ್ದಾಗ ಏಳದ ಎಂಜಿನ್ನನ್ನು ಹೀಗೆ ಮರೆಮಾಚುತ್ತಾರೆ. ತಣ್ಣಗಿತ್ತು. ಆಯಿಲಿನ ಮುಚ್ಚಳ ಬಿಚ್ಚಿ ಅಡಿ ನೋಡಿದೆ. ನೀರು ಸೇರಿದ್ದರೆ ಮಜ್ಜಿಗೆಯ ಹಾಗೆ ಬೆಳ್ಳಗಿರುತ್ತದೆ. ಇಲ್ಲಿ ಜೋನಿಬೆಲ್ಲದ ಹಾಗೆ ಶುದ್ಧವಾಗಿತ್ತು. ಹಳೆ ಸೀರೆ ಹಾಸಿ ಮಲಗಿ ಟಾರ್ಚು ಬಿಟ್ಟು ಅಡಿ ನೋಡಿದೆ. ಬಾಗಿಲ ಕೆಳಗಿನ ಅಂಚನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿ ಕೇಳಿದೆ. ತೆರೆದ ಗಾಡಿಗಳ ಜೀವ ಇರುವುದೇ ಅಲ್ಲಿ. ಜಾಕು ಕೊಟ್ಟು ಎತ್ತಿಸಿ ಬಾಗಿಲು ಹಾಕಿ ತೆಗೆದು ನೋಡಿದೆ. ಅಡಿ ಬಾಗಿದ್ದರೆ ಆಗ ಬಾಗಿಲು ಸಿಕ್ಕಿಕೊಳ್ಳಬೇಕು. ಸಿಕ್ಕಿಕೊಳ್ಳಲಿಲ್ಲ. ಐವತ್ತು ವರ್ಷದ ಆರೈಕೆ ಪ್ರತಿ ಬೋಲ್ಟಿನಲ್ಲೂ ಕಾಣುತ್ತಿತ್ತು.

ಬಾಯಲ್ಲಿ ಮಾತ್ರ ಅಪ್ಪ ಕೂತಿದ್ದ. “ಬಾಗಿಲು ಸಪ್ಪಳ ಮಾಡತೈತಿ. ಸೀಟು ಗಟ್ಟಿ. ಕನ್ನಡಿ ಸಣ್ಣದು. ಹಾರ್ನ್ ಕೀರಲು. ಸ್ಟಿಯರಿಂಗ್ ತೆಳ್ಳಗ. ಮಳಿಗೆ ಎಳೆಯೋ ಹುಡ್ಡಿನ ಬಟ್ಟಿ ಹರದೈತಿ. ಟೈರು ಬಿರುಕು ಬಿಟ್ಟಾವು. ಬ್ರೇಕು ಮೆತ್ತಗ.” ಹೀಗೇ ಇನ್ನೂ ನಾಲ್ಕು. ಕೊನೆಗೆ ಆಯಸ್ಕಾಂತ ತೆಗೆದು ಬಾನೆಟ್ಟಿಗೆ ಇಟ್ಟೆ. ಅದು ಜಾರಿ ಕೆಳಗೆ ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. “ಮಾಸ್ತರ್ರ, ಬಾನೆಟ್ ಪೂರಾ ಪುಟ್ಟೀನ!” ಎಂದು ಘೋಷಿಸಿದೆ.

ಒಟ್ಟು ಹದಿನಾಲ್ಕು. ಅಪ್ಪನ ಏಳಕ್ಕೆ ಇಮ್ಮಡಿ. ಇಷ್ಟು ಹೊತ್ತಿಗೆ ಮಾಸ್ತರು ಗೂಟದ ಹಗ್ಗ ಬಿಚ್ಚಿ ಕೈಗೆ ಕೊಡಬೇಕಿತ್ತು. ನಾನು ಗೆದ್ದವಳ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತೆ.

ಮಾಸ್ತರು ನೋಟುಪುಸ್ತಕದ ಪುಟವನ್ನು ಮೇಲಿಂದ ಕೆಳಗೆ ಒಮ್ಮೆ ಓದಿದರು. ಕೆಳಗೆ ಒಂದು ಗೆರೆ ಎಳೆದರು. ಹೊದಿಕೆಯನ್ನು ಮತ್ತೆ ಕಾರಿನ ಮೇಲೆ ಎಳೆದು, ಹೆಂಡತಿಯ ಕಡೆ ತಿರುಗಿ, “ಆನು ಇವಕ್ಕೆ ಮಾರ್ತ್ನಿಲ್ಲೆ,” ಎಂದರು.

ಇವರಿಗೆ ಮಾರುವುದಿಲ್ಲ ಎಂದದ್ದು ನನಗೆ ಅರ್ಥವಾಗಲಿಲ್ಲ ಎಂದಲ್ಲ. ನಂಬಿಕೆಯಾಗಲಿಲ್ಲ.

“ತಪ್ಪು ತಿಳ್ಕೊಳ್ಬೇಡಿ,” ಎಂದರು ನನಗೆ. “ಹದಿನಾಲ್ಕು ದೋಷ ಇರುವ ಗಾಡಿಯನ್ನು ತಿಳಿದವರಿಗೆ ಕೊಡೂದು ಸರಿಯಲ್ಲ. ನನಗೆ ಇಷ್ಟು ಕೆಟ್ಟಿದೆ ಅಂತ ಗೊತ್ತಿರಲಿಲ್ಲ. ಒಂದು ತಿದ್ದುಪಡಿ ಇದೆ. ಬಾನೆಟ್ ಪುಟ್ಟಿಯಲ್ಲ, ಅಲ್ಯೂಮಿನಿಯಂ. ಈ ಗಾಡಿ ಬಂದದ್ದೇ ಹಾಗೆ. ಅಲ್ಯೂಮಿನಿಯಂಗೆ ಆಯಸ್ಕಾಂತ ಅಂಟೂದಿಲ್ಲ. ಹೈಸ್ಕೂಲಿನ ಪಾಠ.”

ಮೂರು ತಾಲೂಕಿನ ಗಾಡಿ ಪರೀಕ್ಷಕಿ ಹೈಸ್ಕೂಲಿನ ಪಾಠದಲ್ಲಿ ನಪಾಸಾಗಿದ್ದಳು. ಆದರೆ ಮಾನದ ಚಿಂತೆ ಆಗ ಇರಲಿಲ್ಲ. ಗಾಡಿ ಕೈ ತಪ್ಪುತ್ತಿತ್ತು. ನಾನು ಗಾಬರಿಯಿಂದ ಎತ್ತಿನ ಸಂತೆ, ಕಟ್ಟಳೆ, ದೃಷ್ಟಿ, ಐದನೆಯ ಐಬಿಗೆ ಹಗ್ಗ ಸಡಿಲಿಸುವುದು ಎಲ್ಲ ಒಂದೇ ಉಸಿರಿಗೆ ವಿವರಿಸಿದೆ. ಮಾಸ್ತರು ಗಮನವಿಟ್ಟು ಕೇಳಿದರು.

“ಅಂದರೆ ಹೇಳಿದ್ದೆಲ್ಲ ಸುಳ್ಳು?”

“ಎಲ್ಲಾ ಅಲ್ರಿ. ಕೆಲವು ಖರೆ ಅದಾವು.”

“ಹಾಗಾದರೆ ಸುಳ್ಳನ್ನು ಹೊಡೆದು ಹಾಕಿ,” ಎಂದು ಪುಸ್ತಕ, ಪೆನ್ನು ಎರಡನ್ನೂ ಕೊಟ್ಟರು.

ನಾನು ಜಗಲಿಯ ಮೇಲೆ ಕೂತು ಹೊಡೆದು ಹಾಕತೊಡಗಿದೆ. ಸಾವಿತ್ರಕ್ಕ ಕುಡಿಯಲು ಬೆಲ್ಲದ ಪಾನಕ ತಂದಿಟ್ಟರು. ಹದಿನಾಲ್ಕರಲ್ಲಿ ಉಳಿದದ್ದು ಮೂರು: ಹುಡ್ಡಿನ ಬಟ್ಟೆ, ಟೈರು, ಬ್ರೇಕು. ಪುಸ್ತಕ ವಾಪಸು ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ.

“ಈಗ ಎಂತ ಒಳ್ಳೆಯದಿದೆ, ಅದನ್ನೂ ಬರೀರಿ. ಒಂದು ಬದಿಯ ಲೆಕ್ಕ ಲೆಕ್ಕವಲ್ಲ.”

ನೀವು ನಂಬಬೇಕು, ನನಗೆ ಬರೆಯಲಾಗಲಿಲ್ಲ. ಪೆನ್ನು ಹಿಡಿದು ಕೂತೆ. ಇಪ್ಪತ್ತೇಳು ವರ್ಷದಲ್ಲಿ ಎಷ್ಟು ಜನರಿಗೆ ಕಲಿಸಿದ್ದೇನೋ, ‘ಕ್ಲಚ್ಚು ಬೇಗ ಬಿಟ್ಟಿ’, ‘ಕನ್ನಡಿ ನೋಡಲಿಲ್ಲ’ ಎಂದದ್ದು ಬಿಟ್ಟರೆ ಯಾರಿಗೂ ಭೇಷ್ ಎಂದದ್ದು ನೆನಪಾಗಲಿಲ್ಲ. ಚೆನ್ನಾಗಿ ಕಲಿತವರಿಗೇ ಹೆಚ್ಚು ಬೈದಿದ್ದೆ. ಕಲಿಯುವುದಿಲ್ಲ ಎಂದು ಗೊತ್ತಾದವರಿಗೆ ಮಾತ್ರ ‘ಪರವಾಗಿಲ್ಲ’ ಎಂದು ಕಳಿಸಿಬಿಡುತ್ತಿದ್ದೆ. ಆಗ ಥಟ್ಟನೆ ಆ ಲೈಸೆನ್ಸಿನ ದಿನ ನೆನಪಾಯಿತು. ಏಳು ಐಬಿಗೆ ಎತ್ತು ಮನೆಗೆ ಬರುತ್ತಿತ್ತು. ನನಗೆ ಅಪ್ಪ ಹನ್ನೊಂದು ತೆಗೆದಿದ್ದ. ನಾನು ಎಣಿಸಿದ್ದೆ, ಆದರೆ ಲೆಕ್ಕ ಮಾಡಿರಲಿಲ್ಲ. ಅಷ್ಟು ವರ್ಷ ಸುಮ್ಮನೆ ಸಿಟ್ಟು ಹೊತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು, ಸಂತೋಷವೂ ಆಯಿತು, ಎರಡೂ ಒಟ್ಟಿಗೇ ಬಂದು ಕಣ್ಣು ಮಂಜಾಯಿತು. ಮಾಸ್ತರು ಪರೀಕ್ಷೆಯ ಮೇಲ್ವಿಚಾರಕರ ಹಾಗೆ ಬೇರೆ ಕಡೆ ನೋಡುತ್ತ ನಿಂತಿದ್ದರು.

ಕೊನೆಗೆ ಬರೆದೆ: ‘ಎಂಟು ವರ್ಷದವಳಿದ್ದಾಗ ದಾಸನಕೊಪ್ಪದ ಹತ್ತಿರ ಹುಲ್ಲಿನ ಚಕ್ಕಡಿಯ ಮೇಲಿಂದ ಈ ಗಾಡಿ ನೋಡಿದ್ದೆ. ಇದಕ್ಕಿಂತ ಚಂದದ್ದನ್ನು ಆಮೇಲೆ ನೋಡಿಲ್ಲ.’

ಮಾಸ್ತರು ಓದಿದರು, ಸಾವಿತ್ರಕ್ಕನಿಗೆ ಕೊಟ್ಟರು. ಸಾವಿತ್ರಕ್ಕನ ಮುಖ ಅರಳಿತು. “ಹೌದು, ಬನವಾಸಿಗೆ ಹೋಗಿದ್ವಿ. ಮದುವೆಯಾದ ಹೊಸತು.”

“ಚಕ್ಕಡಿ ಮ್ಯಾಲೆ ನಾನಿದ್ದೆ, ನೆನಪೈತೇನ್ರಿ?” ಎಂದೆ ಆಸೆಯಿಂದ.

“ಇಲ್ಲ ತಂಗಿ. ದಾರಿಯುದ್ದಕ್ಕೂ ಕಣ್ಣಿಗೆ ಹುಲ್ಲಿನ ಧೂಳು ಬಿದ್ದದ್ದೊಂದೇ ನೆನಪು.”

ಆ ಹುಲ್ಲು ನಮ್ಮದೇ. ಅಷ್ಟು ಸಂಬಂಧ ಸಾಕು ಎಂದುಕೊಂಡೆ.

ಮಾಸ್ತರು ಒಳಗೆ ಹೋಗಿ ಕೀಲಿಕೈ ತಂದರು. ಕೈಗೆ ಕೊಡುವಾಗ ಸ್ವಲ್ಪ ಹೊತ್ತು ಬಿಡಲಿಲ್ಲ. “ಎರಡನೇ ಗೇರು ಹಾಕುವಾಗ ಅವಸರ ಮಾಡಬೇಡಿ. ಏರಿನಲ್ಲಿ ಚೋಕ್ ಬೇಡ. ಮತ್ತೆ ಭಾನುವಾರ ಒಮ್ಮೊಮ್ಮೆ ಈ ಕಡೆ ಬನ್ನಿ,” ಎಂದರು. ಬರುತ್ತೇನೆ, ಇಳಿಸಲು ಎರಡು ಜನರನ್ನೂ ಕರೆತರುತ್ತೇನೆ ಎಂದೆ. ಆಗ ಮೊದಲ ಬಾರಿ ನಕ್ಕರು.

ಬ್ರೇಕು ಸರಿಮಾಡಿಸಿ, ಟೈರು ಹಾಕಿಸಿ, ಕಾಗದಪತ್ರ ಮುಗಿಸಿ ಗಾಡಿಯನ್ನು ಮನೆಗೆ ತಂದದ್ದು ತಿಂಗಳ ಮೇಲೆ. ಯಲ್ಲಾಪುರದಿಂದ ಶಿರಸಿಯವರೆಗೆ ಒಬ್ಬಳೇ ಓಡಿಸಿದೆ. ಎಡಗಡೆ ಸೀಟಿನಲ್ಲಿ ಯಾರೂ ಇರಲಿಲ್ಲ, ಆ ಸೀಟಿನ ಕೆಳಗೆ ಬ್ರೇಕೂ ಇರಲಿಲ್ಲ. ಹೇಗಿತ್ತು ಎಂದು ಹೊಗಳಿ ಹೇಳುವ ಅಭ್ಯಾಸ ನನಗಿನ್ನೂ ಆಗಿಲ್ಲ. ಅಡ್ಡಿಲ್ಲೆ ಎನ್ನುತ್ತೇನೆ, ನಮ್ಮ ಶಿರಸಿಯಲ್ಲಿ ಹೊಗಳಿಕೆ ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಆದರೆ ಸ್ಕೂಲು ಹತ್ತಿರ ಬಂದಂತೆ ಬೇಕೆಂದೇ ನಿಧಾನ ಮಾಡತೊಡಗಿದೆ. ಅಪ್ಪನಿಗೆ ಏನೂ ಹೇಳಿರಲಿಲ್ಲ. ಅವನು ಎಂದಿನಂತೆ ಕುರ್ಚಿಯಲ್ಲಿ ಕೂತಿದ್ದ. ಗಾಡಿ ನಿಲ್ಲಿಸಿ ಇಳಿದು ಪಕ್ಕಕ್ಕೆ ನಿಂತೆ. ‘ಚಲೋ ಐತಿ’ ಎಂದುಬಿಟ್ಟರೆ? ಬೆನ್ನು ತಟ್ಟಿ ಮುಂದಿನ ಗೂಟಕ್ಕೆ ಹೋದಂತೆ ಕುರ್ಚಿಗೆ ವಾಪಸಾದರೆ?

ಅಪ್ಪ ಕೋಲು ಊರಿಕೊಂಡು ಎದ್ದ. ಮುಂದಿನಿಂದ ಶುರುಮಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ದೀಪ ಮುಟ್ಟಿದ, ಬಾಗಿಲು ತೆಗೆದು ಹಾಕಿದ, ಹಿಂದೆ ಹೋಗಿ ನಿಂತು ನೋಡಿದ. ಕಲಿಯಲು ಬಂದವರು ಗೇರು ಬಿಟ್ಟು ಅವನನ್ನೇ ನೋಡುತ್ತಿದ್ದರು.

“ಗಾಲಿ ಸಣ್ಣ ಅದಾವು,” ಎಂದ.

ನನಗೆ ಉಸಿರು ಬಂತು.

“ಎತ್ತರ ಇಲ್ಲ.”

ನಾನು ಮೂರನೆಯದಕ್ಕೆ ಕಾದೆ. ಅಪ್ಪ ಕೋಲನ್ನು ನನ್ನ ಕೈಗೆ ಕೊಟ್ಟ. ಬಾಗಿಲು ಹಿಡಿದು, ನಿಧಾನಕ್ಕೆ ಬಗ್ಗಿ, ಎಡಗಡೆಯ ಸೀಟಿನಲ್ಲಿ ಕೂತ. ಹೆಗಲ ಮೇಲಿನ ವಸ್ತ್ರವನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡ.

“ಹೊಳಿ ದಾಟಂಗಿಲ್ಲ ಇದು,” ಎಂದ. “ಹೊಳಿತನಕ ನಡಿ.”